ಬೆನ್ನು, ಬಟ್ಟೆ, ನೀರು: ಆಲ್ವಿನ್ ಏಲಿಯ ಒಂದು ಸಂಜೆಯನ್ನು ನೋಡುವ ಬಗೆ

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಇದೆ. ದಯವಿಟ್ಟು ಎದ್ದು ನಿಲ್ಲಿ. ಬೆನ್ನಿನ ತೊಂದರೆ ಇರುವವರು, ತಲೆ ಸುತ್ತುವವರು ಕೂತೇ ಇರಿ, ಪಕ್ಕದವರನ್ನು ನೋಡಿದರೆ ಸಾಕು. ಪಾದಗಳನ್ನು ಸೊಂಟಕ್ಕಿಂತ ಸ್ವಲ್ಪ ಅಗಲ ಇಡಿ, ಬೆರಳುಗಳು ನೇರ ಮುಂದಕ್ಕೇ ಇರಲಿ. ಮಂಡಿ ಸೆಟೆಯುವುದು ಬೇಡ. ಕೈಗಳು ಪಕ್ಕದಲ್ಲಿ. ಈಗ ತೊಡೆ ಸೊಂಟವನ್ನು ಸೇರುವ ಜಾಗ ಇದೆಯಲ್ಲ, ಆ ಕೀಲಿನಿಂದ ಮುಂದಕ್ಕೆ ಮಡಿಯಿರಿ. ಬೆನ್ನು ಮಡಿಯಬಾರದು. ನೆತ್ತಿಯಿಂದ ಬಾಲದ ಎಲುಬಿನ ತನಕ ಒಂದು ಹಲಗೆ ಕಟ್ಟಿದ್ದಾರೆ ಅಂದುಕೊಳ್ಳಿ. ನಾಲ್ಕು ಎಣಿಸುವಷ್ಟರಲ್ಲಿ ಆ ಹಲಗೆ ನೆಲಕ್ಕೆ ಸಮನಾಗಿ ಮಲಗಬೇಕು. ನಾಲ್ಕು ಎಣಿಸುವ ತನಕ ಹಾಗೇ ಇರಿ. ನಾಲ್ಕಕ್ಕೆ ಏಳಿ.

ಸಾಕು, ಕೂತುಕೊಳ್ಳಿ. ಏನಾಯಿತು ನೋಡಿ. ತೊಡೆಯ ಹಿಂಭಾಗ ಎಳೆದ ಕೂಡಲೇ ಬಹಳ ಜನರ ನಡುಬೆನ್ನು ಗೂನಾಯಿತು. ಕೆಲವರ ಗದ್ದ ಮೇಲೆದ್ದಿತು, ಕತ್ತಿನ ಹಿಂದೆ ಸುಕ್ಕು ಬಿತ್ತು. ಕೆಲವರ ಭಾರ ಪೂರ್ತಿ ಹಿಮ್ಮಡಿಗೆ ಹೋಯಿತು. ಏಳುವಾಗ ಮುಕ್ಕಾಲು ಪಾಲು ಜನರ ತಲೆ ಮೊದಲು ಎದ್ದಿತು, ಬೆನ್ನು ಆಮೇಲೆ ಬಂತು. ತಲೆ, ಬೆನ್ನು, ಕಟಿ ಮೂರೂ ಒಂದೇ ತುಂಡಾಗಿ ಏಳಬೇಕು. ಇದಕ್ಕೆ ಫ್ಲ್ಯಾಟ್ ಬ್ಯಾಕ್ ಎನ್ನುತ್ತಾರೆ. ಹೊಲದಲ್ಲಿ ಇಡೀ ದಿನ ಬಗ್ಗಿ ದುಡಿದವರ ದೇಹಕ್ಕೂ ಈ ಭಂಗಿಗೂ ಒಂದು ಸಂಬಂಧ ಇದೆ. ಇವತ್ತಿನ ಮಾತೆಲ್ಲ ಆ ಸಂಬಂಧದ ಬಗ್ಗೆಯೇ.

ಹಿರಿಯರ ನೆನಪು, ದೇಹ, ತಾಳಿಕೆ ಎಂಬ ಮಾತುಗಳು ಇಂದು ಎಷ್ಟೋ ಸಮಕಾಲೀನ ನೃತ್ಯ ಪ್ರದರ್ಶನಗಳ ಕರಪತ್ರದಲ್ಲಿ ಕಾಣುತ್ತವೆ. ಒಳಗೆ ಹೋಗಿ ಕೂತರೆ ಮುಖದಲ್ಲಿ ದುಃಖ, ಹಿನ್ನೆಲೆಯಲ್ಲಿ ಅಳುವ ಪಿಟೀಲು, ನೆಲದ ಮೇಲೆ ಹೊರಳಾಟ. ತಾಳಿಕೆ ಎಂಬುದು ಭಾವನೆಯಾಗಿ ಮೇಲಿನಿಂದ ಬಳಿಯುವ ಬಣ್ಣವಲ್ಲ. ಯಾವ ಕೀಲು ಮಡಿಯಬೇಕು, ಯಾವುದು ಮಡಿಯಬಾರದು, ಭಾರ ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ತಡೆಯಬೇಕು, ಇಷ್ಟರಲ್ಲೇ ಅದು ಹುಟ್ಟುತ್ತದೆ. ಇದನ್ನು ಅತ್ಯಂತ ಸ್ಪಷ್ಟವಾಗಿ ಮಾಡಿ ತೋರಿಸಿದ ಎರಡು ಕೃತಿಗಳನ್ನು ಇಟ್ಟುಕೊಂಡು ಮಾತಾಡುತ್ತೇವೆ. ಎರಡೂ ಅಮೆರಿಕದ ಕರಿಯ ನೃತ್ಯ ಸಂಯೋಜಕ ಆಲ್ವಿನ್ ಏಲಿಯವರದು. ಒಂದು 1960ರ ‘ರೆವೆಲೇಷನ್ಸ್’, ಇನ್ನೊಂದು 1971ರ ‘ಕ್ರೈ’.

ಏಲಿ ಹುಟ್ಟಿದ್ದು 1931ರ ಜನವರಿ 5ರಂದು, ಟೆಕ್ಸಸ್ ರಾಜ್ಯದ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ. ತಂದೆ ಬೇಗನೆ ಬಿಟ್ಟುಹೋದರು. ತಾಯಿ ಲೂಲಾ ಹತ್ತಿ ಬಿಡಿಸಿ, ಬಿಳಿಯರ ಮನೆಗೆಲಸ ಮಾಡಿ ಮಗನನ್ನು ಸಾಕಿದರು. ವರ್ಣಭೇದ ಕಾನೂನಾಗಿದ್ದ ದಿನಗಳು ಅವು. ವಾರವೆಲ್ಲ ಹೊಲ, ಭಾನುವಾರ ಬ್ಯಾಪ್ಟಿಸ್ಟ್ ಚರ್ಚು. ಆ ಹಾಡು, ಆ ಬೀಸಣಿಗೆ, ಕೆರೆಯ ನೀರಿನಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನ, ಇವನ್ನೆಲ್ಲ ಏಲಿ ಮುಂದೆ ‘ನೆತ್ತರ ನೆನಪು’ ಎಂದು ಕರೆದರು. ‘ರೆವೆಲೇಷನ್ಸ್’ಗೆ ಬಂಡವಾಳ ಅದೇ.

ನೆನಪು ಇದ್ದರೆ ಸಾಲದು, ಅದನ್ನು ಹಿಡಿದಿಡಲು ಒಂದು ಭಾಷೆ ಬೇಕು. ಏಲಿಗೆ ಆ ಭಾಷೆ ಸಿಕ್ಕಿದ್ದು ಲಾಸ್ ಏಂಜಲೀಸ್‌ನಲ್ಲಿ. 1942ರಲ್ಲಿ ತಾಯಿ ಮಗ ಅಲ್ಲಿಗೆ ಹೋದರು. 1949ರಲ್ಲಿ ಶಾಲೆಯ ಗೆಳತಿ ಕಾರ್ಮೆನ್ ಡಿ ಲವಲಾಡ್ ಅವರ ಮೂಲಕ ಲೆಸ್ಟರ್ ಹಾರ್ಟನ್ ಅವರ ನೃತ್ಯಶಾಲೆಯ ಬಾಗಿಲು ತೆರೆಯಿತು. ಹಾರ್ಟನ್ ಬಿಳಿಯರು. ಆದರೆ ಕರಿಯರು, ಬಿಳಿಯರು, ಏಷ್ಯಾ ಮೂಲದವರು ಒಂದೇ ತರಗತಿಯಲ್ಲಿ ಕಲಿಯುತ್ತಿದ್ದ ಶಾಲೆ ಅದು, ಆ ಕಾಲದ ಅಮೆರಿಕದಲ್ಲಿ ಬಹಳ ಅಪರೂಪ. 1953ರಲ್ಲಿ ಹಾರ್ಟನ್ ತೀರಿಕೊಂಡಾಗ ತಂಡಕ್ಕೆ ನೃತ್ಯ ಕಟ್ಟುವ ಹೊಣೆ ಇಪ್ಪತ್ತೆರಡರ ಏಲಿಯ ಹೆಗಲಿಗೆ ಬಂತು. ಮರುವರ್ಷ ನ್ಯೂಯಾರ್ಕಿಗೆ ಹೋದರು, 1958ರಲ್ಲಿ ತಮ್ಮದೇ ತಂಡ ಕಟ್ಟಿದರು.

ಹಾರ್ಟನ್ ಪದ್ಧತಿಯನ್ನು ನಮ್ಮ ಕಣ್ಣಿಗೆ ಹತ್ತಿರ ತರಲು ಭರತನಾಟ್ಯದ ಜೊತೆ ಇಟ್ಟು ನೋಡೋಣ. ಅರಮಂಡಿಯಲ್ಲಿ ಮಂಡಿಗಳು ಪಕ್ಕಕ್ಕೆ ತೆರೆಯುತ್ತವೆ, ಪಾದಗಳೂ ಹೊರಕ್ಕೆ ತಿರುಗುತ್ತವೆ, ಮೈ ನೆಟ್ಟಗೆ ನಿಂತಿರುತ್ತದೆ. ಹಾರ್ಟನ್‌ನಲ್ಲಿ ಎಷ್ಟೋ ಅಭ್ಯಾಸಗಳು ಪಾದಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಇಟ್ಟೇ ಶುರುವಾಗುತ್ತವೆ. ಮೇಲಿನ ಮೈ ಒಂದು ತುಂಡಾಗಿ ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ವಾಲುತ್ತದೆ. ಮುಂದಕ್ಕೆ ವಾಲಿದರೆ ಆಗಲೇ ನೀವು ಮಾಡಿದ ಫ್ಲ್ಯಾಟ್ ಬ್ಯಾಕ್. ಪಕ್ಕಕ್ಕೆ ವಾಲಿ ಒಂದು ಕಾಲನ್ನು ಸೊಂಟದ ಎತ್ತರಕ್ಕೆ ಎತ್ತಿದರೆ ಲ್ಯಾಟರಲ್ ಟಿ. ಚಾಚಿದ ತೋಳು, ಮೈ, ಎತ್ತಿದ ಕಾಲು ನೆಲಕ್ಕೆ ಸಮಾನಾಂತರವಾಗಿ ಒಂದೇ ಗೆರೆ, ನಿಂತ ಕಾಲು ಅದರ ಕಂಬ. ಇಲ್ಲಿ ಹಾಳಾಗುವುದು ಎದೆಯಿಂದ. ಹೊಸಬರ ಎದೆ ಮೆಲ್ಲಗೆ ನೆಲದ ಕಡೆ ತಿರುಗುತ್ತದೆ, ಆಗ ಅದು ಪಕ್ಕದ ವಾಲು ಅಲ್ಲ, ಕೆಟ್ಟ ಫ್ಲ್ಯಾಟ್ ಬ್ಯಾಕ್. ಎದೆ ಸಭಿಕರ ಕಡೆಗೇ ಇರಬೇಕು. ನಿಂತ ಕಾಲಿನ ಹರಡು ಒಳಕ್ಕೆ ಬಿದ್ದರಂತೂ ಇಡೀ ಕಂಬವೇ ಓಲುತ್ತದೆ.

ಹಿಂದಕ್ಕೆ ವಾಲುವುದು ಎಲ್ಲಕ್ಕಿಂತ ಕಷ್ಟ. ಅದರ ಹೆಸರು ಹಿಂಜ್, ಬಾಗಿಲಿನ ತಿರುಗಣಿ ಎಂದೇ ಅರ್ಥ. ಮಂಡಿ ಮುಂದಕ್ಕೆ ಹೋಗುತ್ತದೆ, ಹಿಮ್ಮಡಿ ಏಳುತ್ತದೆ, ಮಂಡಿಯಿಂದ ನೆತ್ತಿಯ ತನಕ ಒಂದೇ ನೇರ ಗೆರೆ ಹಿಂದಕ್ಕೆ ಓರೆಯಾಗುತ್ತಾ ಹೋಗುತ್ತದೆ. ಪಳಗಿದವರು ಹೆಗಲು ನೆಲಕ್ಕೆ ತಾಗುವ ತನಕ ಇಳಿಯಬಲ್ಲರು. ಕೆಲಸ ಮಾಡುವುದು ತೊಡೆಯ ಮುಂಭಾಗ, ಪೃಷ್ಠ ಮತ್ತು ಹೊಟ್ಟೆ. ಅಲ್ಲಿ ಬಲ ಸಾಲದಿದ್ದರೆ ಎರಡರಲ್ಲೊಂದು ಆಗುತ್ತದೆ. ಸೊಂಟ ಮಡಿದು ಇಲ್ಲದ ಕುರ್ಚಿಯ ಮೇಲೆ ಕೂತಂತಾಗುತ್ತದೆ, ಇಲ್ಲವೇ ಕೆಳಬೆನ್ನು ಬಿಲ್ಲಾಗುತ್ತದೆ. ಮೊದಲನೆಯದು ನೋಡಲು ಚೆನ್ನಾಗಿಲ್ಲ ಅಷ್ಟೇ. ಎರಡನೆಯದು ಬೆನ್ನನ್ನೇ ಹಾಳುಮಾಡುತ್ತದೆ. ಮಂಡಿಗಳು ಒಂದರ ಕಡೆಗೊಂದು ವಾಲಿದರೆ ಮಂಡಿಚಿಪ್ಪಿನ ಹಿಂದೆ ನೋವು ಶುರು. ಕಲಿಯುವವರು ಮೊದಲು ಗೋಡೆಯ ಬಳಿ ಏನನ್ನಾದರೂ ಹಿಡಿದುಕೊಂಡು ಒಂದು ಗೇಣು ಮಾತ್ರ ವಾಲಬೇಕು, ಅಷ್ಟರಲ್ಲೇ ಎಂಟು ಎಣಿಸುವ ತನಕ ನಿಲ್ಲಬೇಕು. ಆಳ ಆಮೇಲೆ ತಾನಾಗಿ ಬರುತ್ತದೆ. ಅವಸರ ಪಟ್ಟವರಿಗೆ ಬರುವುದು ಮಂಡಿನೋವು.

ಈಗ ಸಂಜೆಗೆ ಬರೋಣ. ಏಲಿ ತಂಡದ ಪ್ರದರ್ಶನದಲ್ಲಿ ‘ರೆವೆಲೇಷನ್ಸ್’ ಇದ್ದರೆ ಸಾಮಾನ್ಯವಾಗಿ ಅದು ಕೊನೆಗೆ ಬರುತ್ತದೆ. ಅದಾದ ಮೇಲೆ ಏನಿಟ್ಟರೂ ಸಪ್ಪೆ. ‘ಕ್ರೈ’ ಇದ್ದರೆ ಅದು ಮೊದಲು. ನಾವೂ ಅದೇ ಕ್ರಮದಲ್ಲಿ ನೋಡೋಣ.

‘ಕ್ರೈ’ ಸುಮಾರು ಹದಿನಾರು ನಿಮಿಷದ ಏಕವ್ಯಕ್ತಿ ನೃತ್ಯ. 1971ರ ಮೇ 4ರಂದು ನ್ಯೂಯಾರ್ಕಿನ ಸಿಟಿ ಸೆಂಟರ್‌ನಲ್ಲಿ ಏಲಿ ತಂಡದ ನರ್ತಕಿ ಜುಡಿತ್ ಜಾಮಿಸನ್ ಮೊದಲ ಬಾರಿ ಮಾಡಿದರು. ತಾಯಿಯ ಹುಟ್ಟುಹಬ್ಬದ ಉಡುಗೊರೆಯಾಗಿ ಏಲಿ ಇದನ್ನು ಕಟ್ಟಿದ್ದರು. ಎಲ್ಲ ಕಡೆಯ ಎಲ್ಲ ಕರಿಯ ಹೆಂಗಸರಿಗೆ, ಅದರಲ್ಲೂ ನಮ್ಮ ತಾಯಂದಿರಿಗೆ ಎಂಬ ಅರ್ಪಣೆ ಅದಕ್ಕಿದೆ. ರಂಗದ ಮೇಲೆ ಇರುವುದು ಬಿಳಿ ಉಡುಪು, ನೆರಿಗೆಯ ಉದ್ದ ಬಿಳಿ ಲಂಗ, ಒಂದು ಉದ್ದನೆಯ ಬಿಳಿ ಬಟ್ಟೆ. ಇಷ್ಟೇ. ಆ ಬಟ್ಟೆಯ ಕಡೆ ಕಣ್ಣಿಡಿ. ಆಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬರುತ್ತಾಳೆ, ದೇವರಿಗೆ ತಂದ ಕಾಣಿಕೆಯಂತೆ. ಸ್ವಲ್ಪ ಹೊತ್ತಿಗೆ ಮಂಡಿಯೂರಿ ಅದರಲ್ಲೇ ನೆಲ ಒರೆಸುತ್ತಾಳೆ. ಇನ್ನೊಮ್ಮೆ ಅದು ಹೆಗಲ ಮೇಲಿನ ಶಾಲು, ಇನ್ನೊಮ್ಮೆ ತಲೆಗೆ ಸುತ್ತಿದ ವಸ್ತ್ರ. ನೆಲ ಒರೆಸುವ ಬಟ್ಟೆಯೂ ರಾಣಿಯ ಬಟ್ಟೆಯೂ ಒಂದೇ. ಅದನ್ನು ಬೇರೆ ಮಾಡುವುದು ಬೆನ್ನು ಮಾತ್ರ.

ನೆಲ ಒರೆಸುವ ಆ ಘಳಿಗೆಯನ್ನು ಹತ್ತಿರದಿಂದ ನೋಡಬೇಕು. ಮನೆಯಲ್ಲಿ ನಾವು ನೆಲ ಒರೆಸುವಾಗ ಕೈ ಓಡಾಡುತ್ತದೆ, ಮೈ ಅದರ ಹಿಂದೆ ಹೋಗುತ್ತದೆ. ಇಲ್ಲಿ ಚಲನೆ ಕಟಿಯಿಂದ ಹೊರಡಬೇಕು. ಹೊಟ್ಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಬೆನ್ನು ದುಂಡಗಾಗುತ್ತದೆ, ಆ ಸೆಳೆತದ ಕೊನೆಯ ತುದಿಯಾಗಿ ಕೈ ಬಟ್ಟೆಯನ್ನು ಉಜ್ಜುತ್ತದೆ. ತೋಳಿನಿಂದ ಉಜ್ಜಿದರೆ ಕಾಣುವುದು ನೆಲ ಒರೆಸುವ ಅಭಿನಯ. ಹೊಟ್ಟೆಯಿಂದ ಉಜ್ಜಿದಾಗ ದುಡಿಮೆಯೇ ಕಾಣುತ್ತದೆ, ಅದರ ದಣಿವು ನೋಡುವವರ ಹೊಟ್ಟೆಗೂ ತಾಗುತ್ತದೆ. ಇಲ್ಲಿ ಮಾತ್ರ ಬೆನ್ನು ಬಾಗುತ್ತದೆ. ಅದಕ್ಕಾಗಿಯೇ ಮುಂದೆ ಆಕೆ ಎದ್ದು ಬಟ್ಟೆಯನ್ನು ಹೆಗಲಿಗೆ ಹಾಕಿ ಬೆನ್ನನ್ನು ಉದ್ದಕ್ಕೆ ಎಳೆದು ನಿಂತಾಗ ಸಭೆಯಲ್ಲಿ ಉಸಿರು ಬಿಗಿಹಿಡಿದಂತಾಗುತ್ತದೆ. ಬಾಗಿದ್ದನ್ನು ಕಂಡಿರದಿದ್ದರೆ ನೆಟ್ಟಗಾದದ್ದಕ್ಕೆ ಬೆಲೆ ಇರುತ್ತಿರಲಿಲ್ಲ.

ಲಂಗ ಒಂದು ದೊಡ್ಡ ತೊಡಕು. ಉದ್ದ ಲಂಗ ಉಟ್ಟು ಮಂಡಿಯೂರಿದರೆ ಅಂಚು ಮಂಡಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಎದ್ದ ಕೂಡಲೇ ಸೊಂಟ ಜಗ್ಗಿ ಮುಂದಕ್ಕೆ ಮುಗ್ಗರಿಸುವುದು ಖಂಡಿತ. ಇಳಿಯುವಾಗಲೇ ಲಂಗವನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದು, ಏಳುವಾಗ ಮುಂದಿಟ್ಟ ಕಾಲಿನ ಪಕ್ಕದ ನೆರಿಗೆಯನ್ನು ಕೈಯಲ್ಲಿ ಎತ್ತುವುದು, ಇವನ್ನು ನೃತ್ಯದ ಹೆಜ್ಜೆಗಳ ಜೊತೆಯಲ್ಲೇ ಕಲಿಯಬೇಕು. ಅಭ್ಯಾಸದ ಮೊದಲ ದಿನದಿಂದ ಅದೇ ಉದ್ದದ, ಅದೇ ಭಾರದ ಲಂಗ ಉಟ್ಟೇ ಮಾಡಬೇಕು. ಲೆಗ್ಗಿಂಗ್ಸ್‌ನಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿ ಪ್ರದರ್ಶನದ ಹಿಂದಿನ ದಿನ ಲಂಗ ಉಟ್ಟರೆ ಆ ಎರಡು ತಿಂಗಳು ವ್ಯರ್ಥ.

ಇನ್ನು ದಮ್ಮು. ಕೃತಿಗೆ ಮೂರು ಭಾಗ. ಮೊದಲನೆಯದು ಉದ್ದ, ಜಾಝ್ ಸಂಗೀತಗಾರ್ತಿ ಆಲಿಸ್ ಕೋಲ್ಟ್ರೇನ್ ಅವರ ಸಂಗೀತ. ಎರಡನೆಯದು ನಿಧಾನ, ಒಬ್ಬಂಟಿತನದ ನೋವು. ಮೂರನೆಯದು ವೇಗ, ಬಿಡುಗಡೆಯ ಕುಣಿತ. ಕಾಲು ಸೋತು ಹೋದ ಮೇಲೆ ಅತಿ ವೇಗದ ಭಾಗ ಬರುತ್ತದೆ, ಬೇಕೆಂದೇ ಹಾಗೆ ಇಟ್ಟಿದ್ದಾರೆ. ಮೊದಲ ಐದು ನಿಮಿಷದಲ್ಲಿ ಎಲ್ಲವನ್ನೂ ಸುರಿದ ನರ್ತಕಿಗೆ ಕೊನೆಗೆ ಹೆಜ್ಜೆ ಎತ್ತಲೂ ಆಗುವುದಿಲ್ಲ. ಎರಡನೆಯ ಭಾಗದ ನಿಧಾನದಲ್ಲೇ ಉಸಿರು ಕೂಡಿಸಿಕೊಳ್ಳಬೇಕು, ಅದೂ ಎದೆ ಏದುವುದು ಸಭಿಕರಿಗೆ ಕಾಣದಂತೆ. ಪಕ್ಕೆಲುಬುಗಳು ಅಕ್ಕಪಕ್ಕಕ್ಕೆ ಅಗಲವಾಗುವ ಉಸಿರು ಬೇಕು, ಹೆಗಲು ಏರುವ ಉಸಿರು ಬೇಡ. ಒಬ್ಬ ಹೆಂಗಸು ಇಷ್ಟು ಹೊತ್ತು ಒಂಟಿಯಾಗಿ ನಿಲ್ಲಬಲ್ಲಳೇ ಎಂಬ ಪ್ರಶ್ನೆ ಕತೆಯಲ್ಲಿಯೂ ಇದೆ, ನರ್ತಕಿಯ ಕಾಲಿನಲ್ಲಿಯೂ ಇದೆ. ಕೆಲವೊಮ್ಮೆ ತಂಡದವರು ಮೂರು ಭಾಗಗಳನ್ನು ಮೂವರು ನರ್ತಕಿಯರಿಗೆ ಹಂಚಿದ್ದುಂಟು. ಅದು ಚೆಂದವೇ. ಆದರೆ ಒಬ್ಬಳೇ ಮಾಡಿದಾಗ ಮೂರನೆಯ ಭಾಗದಲ್ಲಿ ಕಾಣುವ ಆ ಬೆವರು, ಆ ಹಟ ಅಲ್ಲಿ ಸಿಗುವುದಿಲ್ಲ.

ಮಧ್ಯಂತರ ಮುಗಿಯಿತು ಅಂದುಕೊಳ್ಳಿ. ‘ರೆವೆಲೇಷನ್ಸ್’ ಮೊದಲು ರಂಗಕ್ಕೆ ಬಂದದ್ದು 1960ರ ಜನವರಿ 31ರಂದು, ನ್ಯೂಯಾರ್ಕಿನ 92ನೇ ಸ್ಟ್ರೀಟ್ ವೈ ಸಭಾಂಗಣದಲ್ಲಿ. ಯಹೂದಿ ಸಮುದಾಯದ ಈ ಸಾಂಸ್ಕೃತಿಕ ಕೇಂದ್ರ, ಕರಿಯ ನರ್ತಕರಿಗೆ ಬೇರೆ ಕಡೆ ಬಾಗಿಲು ಸುಲಭವಾಗಿ ತೆರೆಯದ ಕಾಲದಲ್ಲಿ ಅವರಿಗೆ ರಂಗ ಕೊಟ್ಟಿತ್ತು. ಕರಿಯ ನರ್ತಕಿ ಪರ್ಲ್ ಪ್ರೈಮಸ್ 1943ರಲ್ಲಿ ಮೊದಲು ಹೆಸರು ಮಾಡಿದ್ದೂ ಅಲ್ಲೇ. ಮರುವರ್ಷ ಆಕೆ ದಕ್ಷಿಣದ ರಾಜ್ಯಗಳಿಗೆ ಹೋಗಿ ಕೂಲಿಯವರ ಜೊತೆ ಹತ್ತಿ ಬಿಡಿಸಿ, ಅವರ ಚರ್ಚುಗಳಲ್ಲಿ ಕೂತು, ಆ ದೇಹಗಳನ್ನು ಅಭ್ಯಾಸ ಮಾಡಿದ್ದರು. ಮಾನವಶಾಸ್ತ್ರ ಓದಿದ ಇನ್ನೊಬ್ಬ ಕರಿಯ ನರ್ತಕಿ ಕ್ಯಾಥರೀನ್ ಡನ್‌ಹ್ಯಾಮ್ 1930ರ ದಶಕದಲ್ಲೇ ಹೈಟಿಗೆ ಹೋಗಿ ಅಲ್ಲಿನ ಕುಣಿತ ಕಲಿತು ಬಂದು ಒಂದು ಶಿಕ್ಷಣ ಪದ್ಧತಿಯನ್ನೇ ಕಟ್ಟಿದ್ದರು. ಏಲಿಗೆ ಹಿರಿಯರು ಎಂದರೆ ಟೆಕ್ಸಸ್ಸಿನ ಅಜ್ಜ ಅಜ್ಜಿಯರಷ್ಟೇ ಅಲ್ಲ, ಈ ಇಬ್ಬರು ಹೆಂಗಸರೂ ಹೌದು. ಇದನ್ನು ಮರೆತು ಏಲಿಯನ್ನು ಒಂಟಿ ಪ್ರತಿಭೆಯಾಗಿ ನೋಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ತಾರೀಖಿನ ಬಗ್ಗೆ ಇನ್ನೊಂದು ಮಾತು. ‘ರೆವೆಲೇಷನ್ಸ್’ ನಡೆದ ಮರುದಿನವೇ, ಫೆಬ್ರುವರಿ 1ರಂದು, ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನ ಸ್ಟೂಲುಗಳ ಮೇಲೆ ಹೋಗಿ ಕೂತರು. ಏಳಲಿಲ್ಲ. ಒಂದಕ್ಕೊಂದು ಗೊತ್ತಿದ್ದು ನಡೆದದ್ದಲ್ಲ. ಆದರೂ ಮೈ ನೆಟ್ಟಗೆ ಮಾಡಿ ಒಂದು ಜಾಗದಲ್ಲಿ ಕೂತಿರುವುದೇ ಆ ದಿನಗಳಲ್ಲಿ ಎಂಥ ಕೆಲಸವಾಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೊನೆಯ ಭಾಗದಲ್ಲಿ ಸ್ಟೂಲುಗಳು ಮತ್ತೆ ಬರುತ್ತವೆ.

ಮೊದಲ ಪ್ರದರ್ಶನದಲ್ಲಿ ಕೃತಿ ಒಂದು ಗಂಟೆಗೂ ಉದ್ದ ಇತ್ತು. ಪ್ರವಾಸಗಳಲ್ಲಿ ಏಲಿ ಅದನ್ನು ಕತ್ತರಿಸುತ್ತಾ ಬಂದರು. ಈಗ ಸುಮಾರು 36 ನಿಮಿಷ, ಮೂರು ಭಾಗ, ಹತ್ತು ತುಣುಕು. ಹಾಡುಗಳು ಗುಲಾಮಗಿರಿಯ ಕಾಲದಿಂದ ಬಾಯಿಂದ ಬಾಯಿಗೆ ಬಂದ ಸ್ಪಿರಿಚುವಲ್ಸ್ ಮತ್ತು ಚರ್ಚಿನ ಹಾಡುಗಳು. ಬಣ್ಣಗಳೂ ಮೂರು ಬಗೆ: ಮೊದಲು ಮಣ್ಣಿನ ಕಂದು, ಆಮೇಲೆ ನೀರಿನ ಬಿಳಿ ಮತ್ತು ನೀಲಿ, ಕೊನೆಗೆ ಬಿಸಿಲಿನ ಹಳದಿ.

ತೆರೆ ಎದ್ದಾಗ ಒಂಬತ್ತು ಜನ ಒತ್ತಾಗಿ ನಿಂತಿದ್ದಾರೆ, ನೇಗಿಲ ಮೊನೆಯ ಆಕಾರದಲ್ಲಿ. ನನ್ನನ್ನು ಬೈದಿದ್ದಾರೆ, ಹಳಿದಿದ್ದಾರೆ ಎಂಬರ್ಥದ ಹಾಡು ಶುರುವಾಗುತ್ತದೆ. ಕಾಲು ಅಗಲ, ಮಂಡಿ ಆಳವಾಗಿ ಬಗ್ಗಿದೆ, ಮುಖ ಮೇಲಕ್ಕೆ, ತೋಳುಗಳು ರೆಕ್ಕೆಯಂತೆ ಹರಡಿವೆ, ಬೆರಳುಗಳು ಬಿಡಿಬಿಡಿಯಾಗಿ ತೆರೆದಿವೆ. ಕೆಳಗಿನ ಅರ್ಧ ಮೈಯನ್ನು ನೆಲ ಎಳೆಯುತ್ತಿದೆ, ಮೇಲಿನ ಅರ್ಧವನ್ನು ಆಕಾಶ. ಈ ಜಗ್ಗಾಟ ಸಡಿಲವಾದರೆ ಇಡೀ ಕೃತಿ ಅಲ್ಲೇ ಕುಸಿಯುತ್ತದೆ. ಸಾಮಾನ್ಯ ತಪ್ಪು ಎರಡು. ತೋಳು ಎತ್ತುವಾಗ ಹೆಗಲೂ ಕಿವಿಯತ್ತ ಏರುತ್ತದೆ, ರೆಕ್ಕೆ ಹೋಗಿ ಹೆದರಿದವರ ಭಂಗಿ ಉಳಿಯುತ್ತದೆ. ಹೆಗಲ ಹಲಗೆಗಳು ಬೆನ್ನಿನ ಮೇಲೆ ಕೆಳಕ್ಕೆ ಜಾರಿದರೇ ತೋಳು ಮೇಲಕ್ಕೆ ಹಗುರಾಗಿ ಹೋಗುವುದು. ಎರಡನೆಯದು ಮುಖ. ದುಃಖದ ಹಾಡೆಂದು ಹುಬ್ಬು ಗಂಟಿಕ್ಕಿ ಅಳುಮುಖ ಮಾಡಿದ ಕೂಡಲೇ ನೋಡುವವರ ಕಣ್ಣು ಮುಖಕ್ಕೆ ಹೋಗುತ್ತದೆ, ದೇಹ ಕಾಣದಾಗುತ್ತದೆ. ಮುಖ ಬರಿದಾಗಿರಬೇಕು. ಹಾಡು ಆಗಲೇ ದುಃಖ ಹೇಳುತ್ತಿದೆ, ದೇಹ ಅದನ್ನು ತಡೆಯುತ್ತಿದೆ. ಒಬ್ಬರು ಮಾಡಬೇಕಾದ ಕೆಲಸವನ್ನು ಇನ್ನೊಬ್ಬರು ಮಾಡಬಾರದು.

ಒಂಬತ್ತು ಜನರಿಗೂ ಒಂದೇ ಉಸಿರು ಬೇಕು. ಹಾಡು ನಿಧಾನ, ಸ್ವರಗಳು ಉದ್ದ, ಹಿಡಿದು ಎಣಿಸಲು ಗಟ್ಟಿ ತಾಳವಿಲ್ಲ. ಎಣಿಕೆಯ ಮೇಲೆ ನಿಂತ ತಂಡ ಯಂತ್ರದಂತೆ ಕಾಣುತ್ತದೆ. ಮುಂದಿನವರ ಪಕ್ಕೆಲುಬು ಅಗಲವಾಗುವುದನ್ನು ಹಿಂದಿನವರು ನೋಡಿ ತಾವೂ ಉಸಿರೆಳೆಯಬೇಕು, ಗಾಯಕರ ಉಸಿರನ್ನೂ ಕೇಳಬೇಕು. ಹೊಸಬರನ್ನು ತಂಡಕ್ಕೆ ಸೇರಿಸುವಾಗ ಕಷ್ಟ ಬರುವುದು ಇಲ್ಲೇ. ಹೆಜ್ಜೆ ಒಂದು ವಾರದಲ್ಲಿ ಬರಬಹುದು, ಉಸಿರು ಕೂಡಲು ತಿಂಗಳುಗಳು ಬೇಕು.

ಮುಂದೆ ಬೈಬಲ್ಲಿನ ಕತೆಯಲ್ಲಿ ಸಿಂಹದ ಗುಹೆಯಿಂದ ಬಿಡುಗಡೆಯಾದ ದಾನಿಯೇಲನ ಹಾಡಿಗೆ ಮೂವರ ಚುರುಕು ನೃತ್ಯ, ಆಮೇಲೆ ಗಂಡು ಹೆಣ್ಣಿನ ಯುಗಳ. ಯುಗಳದಲ್ಲಿ ಹೆಚ್ಚು ಹೊತ್ತು ಆತ ಆಕೆಯ ಹಿಂದೆ ಇರುತ್ತಾನೆ. ಆಕೆ ನೋಡದೆಯೇ ಅವನ ಮೇಲೆ ಭಾರ ಬಿಡುತ್ತಾಳೆ. ಅರ್ಧ ಕ್ಷಣ ಮುಂಚೆ ಕೈ ಕೊಟ್ಟರೆ ನಂಬಿಕೆ ಕಾಣುವುದಿಲ್ಲ, ಅರ್ಧ ಕ್ಷಣ ತಡವಾದರೆ ಆಕೆ ಬೀಳುತ್ತಾಳೆ.

ಎರಡನೆಯ ಭಾಗ ದೀಕ್ಷಾಸ್ನಾನ. ಬಿಳಿ ಉಟ್ಟವರ ಮೆರವಣಿಗೆ, ದೊಡ್ಡ ಬಿಳಿ ಕೊಡೆ, ಪಟ್ಟಿಗಳು ತೂಗುವ ಕೋಲು, ದಾರಿ ಗುಡಿಸಲು ಮರದ ಕೊಂಬೆ. ಆಮೇಲೆ ನೀರು. ರಂಗದ ಈ ಕಡೆಯಿಂದ ಆ ಕಡೆಗೆ ಉದ್ದನೆಯ ತೆಳು ಬಟ್ಟೆಗಳು, ನೀಲಿ ಮತ್ತು ಬಿಳಿ. ಎರಡೂ ಪಕ್ಕದ ವಿಂಗ್‌ನಲ್ಲಿ ನಿಂತವರು ಅವನ್ನು ಅಲೆಯಾಡಿಸುತ್ತಾರೆ, ನರ್ತಕರು ಅವುಗಳ ನಡುವೆ ಇಳಿಯುತ್ತಾರೆ. ನಮ್ಮ ಮಕ್ಕಳ ನಾಟಕಗಳಲ್ಲೂ ನೀಲಿ ಬಟ್ಟೆ ಹಿಡಿದು ಹೊಳೆ ಮಾಡುವುದುಂಟು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬಟ್ಟೆ ಬಿಗಿಯಾದಷ್ಟೂ ಅಲೆ ಬೇಗ ಓಡುತ್ತದೆ, ಆದರೆ ಚಪ್ಪಟೆಯಾಗುತ್ತದೆ. ಸಡಿಲ ಬಿಟ್ಟಷ್ಟೂ ಅಲೆ ದೊಡ್ಡದು, ನಿಧಾನ. ತೀರಾ ಸಡಿಲವಾದರೆ ನಡುಭಾಗ ನೆಲಕ್ಕೆ ಬಿದ್ದು ಅಲೆ ಅಲ್ಲೇ ಸಾಯುತ್ತದೆ, ನರ್ತಕರ ಕಾಲಿಗೂ ತೊಡರುತ್ತದೆ. ಎರಡೂ ತುದಿಯವರು ಒಂದೇ ಜೋರಿನಲ್ಲಿ ಕೊಡವಿದರೆ ಅಲೆಗಳು ನಡುವೆ ಡಿಕ್ಕಿಯಾಗಿ ಬಟ್ಟೆ ಇದ್ದಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ, ಹರಿಯುವುದಿಲ್ಲ. ಹರಿಯಬೇಕೆಂದರೆ ಒಂದು ತುದಿ ಅಲೆ ಕಳಿಸಬೇಕು, ಇನ್ನೊಂದು ತುದಿ ಅದನ್ನು ಕೈಯಲ್ಲಿ ನುಂಗಿಕೊಳ್ಳಬೇಕು. ಕೊಡವುವುದು ಮಣಿಕಟ್ಟಿನಿಂದಲ್ಲ, ಮಂಡಿ ಬಗ್ಗಿಸಿ ಇಡೀ ತೋಳಿನಿಂದ. ಮಣಿಕಟ್ಟಿನ ಅಲೆ ಎರಡು ಮಾರು ಹೋಗುವಷ್ಟರಲ್ಲಿ ಸೋಲುತ್ತದೆ. ಬಟ್ಟೆ ತೆಳು ರೇಷ್ಮೆಯಂಥದೇ ಆಗಬೇಕು. ದಪ್ಪ ಪಾಲಿಯೆಸ್ಟರ್ ಬಿದ್ದಾಗ ಸದ್ದಾಗುತ್ತದೆ. ಎಸಿ ಗಾಳಿ ನೇರ ರಂಗಕ್ಕೆ ಬೀಸುತ್ತಿದ್ದರೆ ನೀರು ಉಲ್ಟಾ ಹರಿದೀತು, ಮೊದಲೇ ನೋಡಿಕೊಳ್ಳಬೇಕು.

ನೀರು ಬಟ್ಟೆಯಲ್ಲಿ ಮಾತ್ರ ಇಲ್ಲ, ಬೆನ್ನಿನಲ್ಲೂ ಇದೆ. ಕಟಿಯಲ್ಲಿ ಹುಟ್ಟಿದ ಅಲೆ ಒಂದೊಂದೇ ಎಲುಬು ಹತ್ತಿ ಎದೆ, ಕತ್ತು ದಾಟಿ ತಲೆಯಲ್ಲಿ ಕೊನೆಯಾಗುತ್ತದೆ. ಮೊದಲ ಭಾಗದಲ್ಲಿ ಹಲಗೆಯಾಗಿದ್ದ ಬೆನ್ನು ಇಲ್ಲಿ ಕರಗುತ್ತದೆ. ಹೊಸಬರು ಸೊಂಟ ಬಳುಕಿಸಿ ತಲೆ ಅಲ್ಲಾಡಿಸುತ್ತಾರೆ, ನಡುವಿನ ಎದೆಭಾಗ ಕಲ್ಲಿನಂತೆ ನಿಂತಿರುತ್ತದೆ. ಅದನ್ನು ಬಿಡಿಸಲು ಅಂಗೈ ಮಂಡಿ ನೆಲಕ್ಕೂರಿ ಬೆಕ್ಕಿನಂತೆ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗೆಣ್ಣಾಗಿ ಏರಿಸಿ ಇಳಿಸುವ ಅಭ್ಯಾಸ ದಿನಕ್ಕೆ ಹತ್ತು ಹನ್ನೆರಡು ಸಲ ಮಾಡಬೇಕು. ಕೊಡೆ ಹಿಡಿದವಳಿಗೆ ಇನ್ನೂ ಕಷ್ಟ. ಅಗಲ ಕೊಡೆ ಗಾಳಿ ಹಿಡಿಯುತ್ತದೆ. ಅದರ ಭಾರವನ್ನು ಹೆಗಲಲ್ಲಿ ಹೊತ್ತರೆ ಬೆನ್ನಿನ ಅಲೆ ಅಲ್ಲಿಗೇ ನಿಲ್ಲುತ್ತದೆ. ಎತ್ತರದ ಜಾಮಿಸನ್ ಈ ಕೊಡೆ ಹಿಡಿದು ಮಾಡಿದ ಪಾತ್ರ ಇಂದಿಗೂ ಆ ಭಾಗದ ಅಳತೆಗೋಲು.

ನೀರು ಸರಿದ ಮೇಲೆ ಒಬ್ಬನೇ ಗಂಡಸು, ನೆಲದ ಮೇಲೆ. ಸಾವಿಗೆ ಸಿದ್ಧನಾಗಲು ಬಯಸುವವನ ಹಾಡು. ಇದನ್ನು ಏಲಿ ಹಾರ್ಟನ್ ತರಗತಿಯ ನೆಲದ ಅಭ್ಯಾಸಗಳಿಂದಲೇ ಕಟ್ಟಿದರು, ಹಾರ್ಟನ್ ಶಿಷ್ಯ ಜೇಮ್ಸ್ ಟ್ರೂಯಿಟ್ ಜೊತೆಯಲ್ಲಿದ್ದರು. ಅದರ ಹೃದಯ ಕಾಕ್ಸಿಕ್ಸ್ ಬ್ಯಾಲೆನ್ಸ್: ಕೂತು, ಬೆನ್ನು ಹಿಂದಕ್ಕೆ ಓರೆ, ನೆಟ್ಟಗಿನ ಕಾಲುಗಳು ಮೇಲಕ್ಕೆ ಓರೆ, ನೆಲಕ್ಕೆ ತಾಗಿದ್ದು ಅಂಗೈಯಗಲದ ಜಾಗ ಮಾತ್ರ. ಹೆಸರು ಬಾಲದ ಎಲುಬಿನದಾದರೂ ಭಾರವನ್ನು ಪೂರ್ತಿ ಅದರ ಮೇಲೆ ಹಾಕಬಾರದು, ಕೂತಾಗ ನೆಲಕ್ಕೊತ್ತುವ ಎರಡು ಗಂಟುಗಳ ಸ್ವಲ್ಪ ಹಿಂದೆ ಇಡಬೇಕು. ಬೆನ್ನು ದುಂಡಗಾದರೆ ಹಿಂದಕ್ಕೆ ಉರುಳುತ್ತೀರಿ. ತೊಡೆಸಂದಿ ಹಿಡಿದುಕೊಂಡರೆ ಮಂಡಿ ಮಡಿಸಿಯೇ ಕೆಲವು ವಾರ ಮಾಡಿ. ಬರೀ ಸಿಮೆಂಟಿನ ಮೇಲೆ ಮಾಡಿದರೆ ಮಾರನೆಯ ದಿನ ಕೂರಲಾಗದು, ಕೆಳಗೆ ಚಾಪೆ ಇರಲಿ. ಮಲಗಿದವನು ಇನ್ನೂ ಮಲಗಿಲ್ಲ, ಎದ್ದವನು ಇನ್ನೂ ಎದ್ದಿಲ್ಲ ಎಂಬ ಆ ನಡುವಿನ ಸ್ಥಿತಿಯೇ ಹಾಡಿನ ಅರ್ಥ. ನಡುಗುವ ಹೊಟ್ಟೆ ಕಂಡರೆ ಅದನ್ನು ದೋಷವೆಂದು ಎಣಿಸಬೇಡಿ.

ಕೊನೆಯ ಭಾಗದ ಮೊದಲಿಗೆ ಪಾಪದಿಂದ ಓಡುವ ಮೂವರು ಗಂಡಸರು. ಓಟ, ಜಿಗಿತ, ತಿರುಗು, ಹಿಂಜ್‌ನಿಂದ ನೆಲಕ್ಕೆ ಇಳಿತ. ಮಂಡಿಚಿಪ್ಪು ನೆಲಕ್ಕೆ ಬಡಿಯಲೇಬಾರದು. ತೊಡೆ ಬಿಗಿಹಿಡಿದು ಮಂಡಿಯ ಕೆಳಗಿನ ಕಾಲಿನ ಉದ್ದಕ್ಕೆ ಭಾರ ಹಂಚಿ ಇಳಿಯಬೇಕು. ಅಭ್ಯಾಸದಲ್ಲಿ ಮಂಡಿಗವಸು ಹಾಕಿಕೊಳ್ಳುವುದಕ್ಕೆ ಸಂಕೋಚ ಬೇಡ.

ಆಮೇಲೆ ಬರುತ್ತಾರೆ ಚರ್ಚಿನ ಹೆಂಗಸರು. ಹಳದಿ ಉದ್ದ ಉಡುಪು, ದೊಡ್ಡ ಟೋಪಿ, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಲ್ಲಿ ಸ್ಟೂಲು. ಹಿಂದೆ ದೊಡ್ಡ ಸೂರ್ಯ. ಸೆಖೆ, ಹರಟೆ, ಒಬ್ಬರನ್ನೊಬ್ಬರು ಗದರುವುದು, ಎಲ್ಲ ಬೀಸಣಿಗೆಯಲ್ಲೇ. ನಮಗೆ ಇಡೀ ಕೃತಿಯಲ್ಲಿ ಅತಿ ಪ್ರಿಯವಾದ ತುಣುಕು ಇದು. ಬೀಸಣಿಗೆ ಆಡುವುದು ಮಣಿಕಟ್ಟಿನಿಂದ, ತೋಳು ಪಕ್ಕೆಗೆ ಹತ್ತಿರ, ಬೆನ್ನು ಮಾತ್ರ ಗೋಡೆಯಂತೆ ನೆಟ್ಟಗೆ. ಈ ಹೆಂಗಸರು ವಾರವಿಡೀ ಆಳುದ್ದಕ್ಕಿಂತ ಉದ್ದದ ಹತ್ತಿಚೀಲವನ್ನು ಹೆಗಲಿನಿಂದ ಎಳೆಯುತ್ತಾ ಬಗ್ಗಿ ದುಡಿದವರು, ಬೇರೆಯವರ ನೆಲ ಒರೆಸಿದವರು. ಭಾನುವಾರ ಅದೇ ಬೆನ್ನು ಹೀಗೆ ಕೂರುತ್ತದೆ. ತಮಾಷೆ ಇದೆ, ಸಭೆ ನಗುತ್ತದೆ, ನಗಲಿ. ಆದರೆ ನರ್ತಕಿಯರು ನಗಿಸಲು ಹೋದರೆ, ಬೀಸಣಿಗೆ ಜೋರಾಗಿ ಬೀಸಿ ಮುಖ ಕುಣಿಸಿದರೆ, ಆ ಹೆಂಗಸರ ಮಾನ ಹೋಗುತ್ತದೆ. ಎಲ್ಲರೂ ಒಂದೇ ಲಯದಲ್ಲಿ ಬೀಸುವುದೂ ತಪ್ಪು. ಸೆಖೆ ಒಬ್ಬೊಬ್ಬರಿಗೆ ಒಂದೊಂದು ಥರ.

ಕೊನೆಯ ಹಾಡಿಗೆ, ಅಬ್ರಹಾಮನ ಮಡಿಲಲ್ಲಿ ನನ್ನ ಆತ್ಮವನ್ನು ತೂಗು ಎಂಬ ಹಾಡಿಗೆ, ಎಲ್ಲರೂ ರಂಗದ ಮೇಲಿರುತ್ತಾರೆ. ಚಪ್ಪಾಳೆ ನಿಲ್ಲದಿದ್ದರೆ ಇದೇ ತುಣುಕನ್ನು ಇನ್ನೊಮ್ಮೆ ಮಾಡುವುದು ವಾಡಿಕೆ, ಆದ್ದರಿಂದ ಪಾರ್ಕಿಂಗ್ ನೆನಪಾಗಿ ಬೇಗ ಎದ್ದು ಹೋಗಬೇಡಿ.

ಎಲ್ಲಿ ಕೂರಬೇಕು ಎಂದು ಕೇಳುವವರಿಗೆ: ಮೊದಲ ಸಲವಾದರೆ ಬಾಲ್ಕನಿಯ ಮುಂದಿನ ಸಾಲು. ಒಂಬತ್ತು ಜನರ ನೇಗಿಲ ಮೊನೆ, ನೀರಿನ ಎರಡು ಹರಿವು ಮೇಲಿನಿಂದಲೇ ಸರಿಯಾಗಿ ಕಾಣುವುದು. ಹಿಂಜ್‌ನ ಓರೆಗೆರೆ ನೋಡಬೇಕೆಂದರೆ ಪಕ್ಕದ ಸೀಟು. ಎರಡನೆಯ ಸಲ ಸಿಕ್ಕರೆ ಕೆಳಗೆ ಐದಾರನೆಯ ಸಾಲಿಗೆ ಬನ್ನಿ. ಬಟ್ಟೆಯಿಂದ ನೆಲ ಉಜ್ಜುವಾಗ ಹೊಟ್ಟೆ ಒಳಕ್ಕೆ ಸರಿಯುವುದು, ಬೀಸಣಿಗೆ ಹಿಡಿದ ಮಣಿಕಟ್ಟು ತಿರುಗುವುದು ಅಲ್ಲಿಂದ ಕಾಣುತ್ತದೆ.